ಎಂಜಿನ್ ಇಳಿಸುವ ಮೊದಲು ಅಳತೆ, ಆಮೇಲೆ ಸ್ಪ್ಯಾನರ್

ಹಳೆಯ ಪೆಟ್ರೋಲ್ ಕಾರನ್ನು ಮನೆಯ ಗ್ಯಾರೇಜಿನಲ್ಲೇ ವಿದ್ಯುತ್ ಕಾರಾಗಿ ಮಾರ್ಪಡಿಸುವ ಹವ್ಯಾಸಕ್ಕೆ ಅಮೆರಿಕದಲ್ಲಿ ಅರ್ಧ ಶತಮಾನ ದಾಟಿದ ಚರಿತ್ರೆಯಿದೆ. ಕ್ಯಾಲಿಫೋರ್ನಿಯಾದ ಹವ್ಯಾಸಿಗಳು ಎಲೆಕ್ಟ್ರಿಕ್ ಆಟೊ ಅಸೋಸಿಯೇಷನ್ ಕಟ್ಟಿಕೊಂಡದ್ದು 1967ರಲ್ಲಿ. 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆದಾಗ ಇನ್ನಷ್ಟು ಜನ ಇದರತ್ತ ತಿರುಗಿದರು. ಆಗ ಸಿಗುತ್ತಿದ್ದುದು ಸೀಸದ ಬ್ಯಾಟರಿ ಮಾತ್ರ. ಈಗ ಅಪಘಾತದಲ್ಲಿ ಜಖಂಗೊಂಡ ಟೆಸ್ಲಾ, ನಿಸ್ಸಾನ್ ಲೀಫ್ ಕಾರುಗಳಿಂದ ಬಿಚ್ಚಿದ ಲಿಥಿಯಂ ಬ್ಯಾಟರಿಗಳೂ ಮೋಟರುಗಳೂ ಬಿಡಿಬಿಡಿಯಾಗಿ ಮಾರಾಟಕ್ಕಿವೆ. ಹೀಗಾಗಿ ಈ ಕೆಲಸಕ್ಕೆ ಕೈ ಹಾಕುವವರು ಯಾವ ಮೋಟರು, ಎಷ್ಟು ಕಿಲೋವ್ಯಾಟ್, ಎಷ್ಟು ದೂರ ಓಡೀತು ಎಂಬ ಲೆಕ್ಕದಲ್ಲೇ ತಿಂಗಳುಗಟ್ಟಲೆ ಮುಳುಗಿರುತ್ತಾರೆ. ಹಳೆಯ ಎಂಜಿನ್ ಇಳಿಸುವುದು ಮಾತ್ರ ಅವರ ಕಣ್ಣಿಗೆ ಒಂದು ಭಾನುವಾರದ ಒರಟು ಕೆಲಸ: ಬಿಚ್ಚು, ಎತ್ತು, ಗುಜರಿಗೆ ಹಾಕು. ಈ ಲೆಕ್ಕಾಚಾರವೇ ತಪ್ಪು ಎಂಬುದು ನನ್ನ ವಾದ. ಎಂಜಿನ್ ಇಳಿಸುವುದು ಒಡೆಯುವ ಕೆಲಸವಲ್ಲ, ಅಳೆಯುವ ಕೆಲಸ. ಆ ಎಂಜಿನ್ ತನ್ನ ಜಾಗದಲ್ಲಿ ಕೂತಿರುವ ತನಕ ಮಾತ್ರ ಸಿಗುವ ಕೆಲವು ಮಾಹಿತಿಗಳಿವೆ. ಅದು ನೆಲಕ್ಕೆ ಬಂದ ಮೇಲೆ ಎಷ್ಟು ದುಡ್ಡು ಸುರಿದರೂ ಅವು ಮರಳಿ ಸಿಗುವುದಿಲ್ಲ.

ಈ ಮಾತನ್ನು ಒಂದೇ ಕಾರನ್ನು ಮುಂದಿಟ್ಟುಕೊಂಡು ವಿವರಿಸುವುದು ಒಳ್ಳೆಯದು. ಫೋಕ್ಸ್‌ವ್ಯಾಗನ್ ಬೀಟಲ್ ಅದಕ್ಕೆ ಹೇಳಿ ಮಾಡಿಸಿದ ಕಾರು. 2003ರ ಜುಲೈನಲ್ಲಿ ಮೆಕ್ಸಿಕೊದ ಪ್ಯೂಬ್ಲಾ ಕಾರ್ಖಾನೆಯಿಂದ ಕೊನೆಯ ಬೀಟಲ್ ಹೊರಬರುವಷ್ಟರಲ್ಲಿ ಎರಡು ಕೋಟಿಗೂ ಹೆಚ್ಚು ತಯಾರಾಗಿದ್ದವು. ಮನೆಯಲ್ಲಿ ವಿದ್ಯುತ್ತಿಗೆ ಮಾರ್ಪಡಿಸಲು ಜನ ಆರಿಸಿಕೊಳ್ಳುವ ಹಳೆಯ ಕಾರುಗಳಲ್ಲಿ ಅದರದ್ದು ಮುಂಚೂಣಿಯ ಹೆಸರು. ಕಾರಣ ಸರಳ. ನಾಲ್ಕು ಸಿಲಿಂಡರಿನ, ಗಾಳಿಯಿಂದಲೇ ತಣಿಯುವ ಅದರ ಎಂಜಿನ್ ಕಾರಿನ ಹಿಂಬದಿಯಲ್ಲಿ ಗೇರ್‌ಬಾಕ್ಸಿಗೆ ನಾಲ್ಕೇ ಬೋಲ್ಟುಗಳಿಂದ ತಗುಲಿಕೊಂಡಿರುತ್ತದೆ. ತೂಕ ಸುಮಾರು 110 ಕಿಲೋ. ರೇಡಿಯೇಟರ್ ಇಲ್ಲ, ನೀರಿನ ಪೈಪುಗಳಿಲ್ಲ, ಪವರ್ ಸ್ಟೀರಿಂಗ್ ಇಲ್ಲ. ಬಹುಪಾಲು ಮಾದರಿಗಳಲ್ಲಿ ಬ್ರೇಕಿಗೆ ಎಂಜಿನ್ನಿನ ಹೀರುವಿಕೆಯನ್ನು ಬಳಸುವ ಬೂಸ್ಟರ್ ಸಹ ಇಲ್ಲ. ಪಳಗಿದ ಕೈಗಳಿಗೆ ಈ ಎಂಜಿನ್ ಇಳಿಸಲು ಒಂದು ಗಂಟೆ ಸಾಕು. ಅಪಾಯವಿರುವುದು ಈ ಸಲೀಸಿನಲ್ಲೇ. ಅರ್ಧ ದಿನ ಹೆಣಗಾಡಿ ಬಿಚ್ಚಬೇಕಾದ ಎಂಜಿನ್ ನಡುವೆ ನಾಲ್ಕು ಸಲ ನಿಂತು ಯೋಚಿಸುವಂತೆ ಮಾಡುತ್ತದೆ. ಗಂಟೆಯಲ್ಲಿ ಬರುವ ಎಂಜಿನ್ ಅದಕ್ಕೆ ಆಸ್ಪದ ಕೊಡುವುದಿಲ್ಲ.

ಮೊದಲ ಅಳತೆಗೆ ಯಾವ ಸಾಧನವೂ ಬೇಡ. ಎಂಜಿನ್ ಇನ್ನೂ ಓಡುತ್ತಿರುವಾಗಲೇ ಕಾರನ್ನು ರಸ್ತೆಗೆ ತೆಗೆದುಕೊಂಡು ಹೋಗಿ ಗೇರ್‌ಬಾಕ್ಸ್, ಕ್ಲಚ್, ಬ್ರೇಕ್‌ಗಳನ್ನು ಪರೀಕ್ಷಿಸಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರು ತಾನಾಗಿ ನ್ಯೂಟ್ರಲ್‌ಗೆ ಜಿಗಿಯುತ್ತದೆಯೇ, ಎರಡನೇ ಗೇರಿಗೆ ಬೀಳುವಾಗ ಕರ್ ಎನ್ನುತ್ತದೆಯೇ, ಏರಿನಲ್ಲಿ ಕ್ಲಚ್ ಜಾರುತ್ತದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಹೇಗೂ ಕಿತ್ತು ಬಿಸಾಡುವ ಎಂಜಿನ್ನಿಗೆ ಇಷ್ಟೆಲ್ಲ ಉಪಚಾರ ಏಕೆ ಎಂದು ಕೇಳುವವರಿದ್ದಾರೆ. ಉಪಚಾರ ಎಂಜಿನ್ನಿಗಲ್ಲ, ಕಾರಿನಲ್ಲೇ ಉಳಿಯುವ ಭಾಗಗಳಿಗೆ. ವಿದ್ಯುತ್ ಮೋಟರಿಗೆ ಸದ್ದು ಕಡಿಮೆ. ಎಂಜಿನ್ನಿನ ಗದ್ದಲದಲ್ಲಿ ಅಡಗಿದ್ದ ಗೇರ್‌ಬಾಕ್ಸಿನ ಕೊರಗು ಮಾರ್ಪಾಡು ಮುಗಿದ ಮೊದಲ ದಿನವೇ ಕಿವಿಗೆ ಬೀಳುತ್ತದೆ. ಆಗ ದೋಷ ಹಳೆಯ ಬೇರಿಂಗಿನದೋ, ಹೊಸದಾಗಿ ಕೂರಿಸಿದ ಮೋಟರಿನ ವಾರೆಯದೋ ಎಂದು ಬೇರ್ಪಡಿಸಲು ದಾರಿಯೇ ಇರುವುದಿಲ್ಲ. ಮುಂಚೆಯೇ ಬರೆದಿಟ್ಟುಕೊಂಡವರಿಗೆ ಆ ಗೊಂದಲವಿಲ್ಲ. ಜತೆಗೆ ಪ್ರತಿ ಸಿಲಿಂಡರಿನ ಕಂಪ್ರೆಷನ್ ನೋಡಿಟ್ಟು, ಎಂಜಿನ್ ಚಾಲೂ ಆಗಿ ಓಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಅದನ್ನು ಕೊಳ್ಳುವವನಿಗೂ ಧೈರ್ಯ, ಮಾರುವವನಿಗೂ ಒಳ್ಳೆಯ ಬೆಲೆ.

ಎರಡನೆಯದು ತೂಕ. ಇದನ್ನು ಬಿಡುವವರೇ ಹೆಚ್ಚು, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ. ಕಾರಿನ ಒಟ್ಟು ತೂಕ ಗೊತ್ತಿದ್ದರೆ ಸಾಲದು, ಮುಂದಿನ ಚಕ್ರಗಳ ಮೇಲೆ ಎಷ್ಟು, ಹಿಂದಿನವುಗಳ ಮೇಲೆ ಎಷ್ಟು ಎಂಬುದು ಬೇಕು. ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ಮೊದಲು ಮುಂದಿನ ಚಕ್ರಗಳನ್ನು, ಆಮೇಲೆ ಹಿಂದಿನವನ್ನು ನಿಲ್ಲಿಸಿದರೆ ಎರಡೂ ಸಿಗುತ್ತವೆ. ಅಮೆರಿಕದ ಹೆದ್ದಾರಿಗಳ ಟ್ರಕ್ ನಿಲ್ದಾಣಗಳಲ್ಲಿ ಈ ಸೌಲಭ್ಯ ಸಾಮಾನ್ಯ. ಬೀಟಲ್‌ನಲ್ಲಿ ಹೆಚ್ಚಿನ ಭಾರ ಹಿಂಬದಿಗೆ ಬೀಳುತ್ತದೆ, ಏಕೆಂದರೆ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದಿದೆ. ಈಗ ಲೆಕ್ಕ ಹಾಕಿ. ಎಂಜಿನ್ 110 ಕಿಲೋ, ತುಂಬಿದ ಪೆಟ್ರೋಲ್ ಟ್ಯಾಂಕ್ ಸುಮಾರು 40 ಕಿಲೋ, ಒಟ್ಟು 150 ಕಿಲೋ ಕಡಿಮೆಯಾಯಿತು. ಅದರ ಜಾಗಕ್ಕೆ 55ರಿಂದ 60 ಕಿಲೋದ ಮೋಟರು ಬರುತ್ತದೆ. ಟೆಸ್ಲಾ ಮಾಡೆಲ್ ಎಸ್ ಕಾರಿನ ಬ್ಯಾಟರಿಯ ಒಂದೊಂದು ಮಾಡ್ಯೂಲ್ ಸುಮಾರು 25 ಕಿಲೋ ತೂಗುತ್ತದೆ, 5.3 ಕಿಲೋವ್ಯಾಟ್ ಗಂಟೆ ಹಿಡಿಯುತ್ತದೆ. ಅಂಥವು ಐದು ಹಾಕಿದರೆ 125 ಕಿಲೋ, ಸುಮಾರು 26 ಕಿಲೋವ್ಯಾಟ್ ಗಂಟೆ. ಕಿಲೋಮೀಟರಿಗೆ 170 ವ್ಯಾಟ್ ಗಂಟೆ ಖರ್ಚಾದರೆ 150 ಕಿ.ಮೀ. ಓಡಬಹುದು. ಕಂಟ್ರೋಲರ್, ಚಾರ್ಜರ್, ಬ್ಯಾಟರಿ ಪೆಟ್ಟಿಗೆ, ತಾಮ್ರದ ಕೇಬಲ್ ಎಲ್ಲ ಸೇರಿದರೂ ಕಾರಿನ ಭಾರ ಮೊದಲಿಗಿಂತ ತೀರಾ ಏರುವುದಿಲ್ಲ, ಹಳೆಯ ಸ್ಪ್ರಿಂಗು ಬ್ರೇಕುಗಳು ತಡೆದುಕೊಳ್ಳುತ್ತವೆ. ಇನ್ನೂ ದೂರ ಹೋಗಬೇಕೆಂಬ ಆಸೆಗೆ ಬಿದ್ದು ಬ್ಯಾಟರಿ ಹೆಚ್ಚಿಸಿದರೆ ಕತೆ ಬೇರೆ. 2019ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯೇ ಜರ್ಮನಿಯ ಈಕ್ಲಾಸಿಕ್ಸ್ ಸಂಸ್ಥೆಯ ಜತೆ ಸೇರಿ ಬೀಟಲ್ ಒಂದನ್ನು ವಿದ್ಯುತ್ತಿಗೆ ಮಾರ್ಪಡಿಸಿ ತೋರಿಸಿತು. ಅದರ ಬ್ಯಾಟರಿ 36.8 ಕಿಲೋವ್ಯಾಟ್ ಗಂಟೆಯದು, ಕಾರಿನ ತೂಕ 1,280 ಕಿಲೋ. ಮೂಲ ಕಾರು ತೂಗುತ್ತಿದ್ದುದು ಎಂಟುನೂರು ಚಿಲ್ಲರೆ ಕಿಲೋ. ಈ ಹೆಚ್ಚುವರಿ ಭಾರಕ್ಕಾಗಿ ಚಾಸಿಯನ್ನು ಬಲಪಡಿಸಿ, ಬ್ರೇಕನ್ನೂ ಬದಲಿಸಬೇಕಾಯಿತು. ಕಾರ್ಖಾನೆಯ ಎಂಜಿನಿಯರುಗಳಿಗೇ ತಪ್ಪದ ಕೆಲಸ ಗ್ಯಾರೇಜಿನ ಹವ್ಯಾಸಿಗೆ ತಪ್ಪೀತೇ? ಮೊದಲೇ ತೂಗಿದವನಿಗೆ ತನ್ನ ಮಿತಿ ಎಲ್ಲಿದೆ ಎಂಬುದು ಬ್ಯಾಟರಿ ಕೊಳ್ಳುವ ಮುನ್ನವೇ ಗೊತ್ತಿರುತ್ತದೆ. ತೂಗಿದ ದಿನವೇ, ಸಮತಟ್ಟಾದ ನೆಲದ ಮೇಲೆ, ನಾಲ್ಕೂ ಮಡ್‌ಗಾರ್ಡುಗಳ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಟೇಪು ಹಿಡಿದು ಬರೆದಿಡಿ.

ಇನ್ನು ಬಿಚ್ಚುವ ಕೆಲಸ. ಇಲ್ಲಿ ಬೆಂಕಿಯ ಭಯ ಮೊದಲನೆಯದು. ಬೀಟಲ್‌ನ ಟ್ಯಾಂಕ್ ಕಾರಿನ ಮುಂಬದಿಯಲ್ಲಿ, ಎಂಜಿನ್ನಿನ ಪೈಪಿಗಿಂತ ಎತ್ತರದಲ್ಲಿದೆ. ಹಿಂದೆ ರಬ್ಬರ್ ಪೈಪು ಎಳೆದ ಕೂಡಲೇ ಟ್ಯಾಂಕಿನಲ್ಲಿರುವುದೆಲ್ಲ ತಾನಾಗಿ ಇಳಿದು ನೆಲಕ್ಕೆ ಸುರಿಯುತ್ತದೆ. ಆದ್ದರಿಂದ ಟ್ಯಾಂಕನ್ನು ಮೊದಲೇ, ಬಯಲಿನಲ್ಲಿ, ಮುಚ್ಚಳವಿರುವ ಲೋಹದ ಕ್ಯಾನಿಗೆ ಖಾಲಿ ಮಾಡಿಕೊಳ್ಳಬೇಕು. ಅಮೆರಿಕದ ಎಷ್ಟೋ ಮನೆಗಳಲ್ಲಿ ಗ್ಯಾಸ್ ಗೀಸರ್ ಇರುವುದೇ ಗ್ಯಾರೇಜಿನಲ್ಲಿ, ಹಳೆಯ ಗೀಸರಿನ ಸಣ್ಣ ಜ್ವಾಲೆ ಹಗಲು ರಾತ್ರಿ ಉರಿಯುತ್ತಿರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ತೆವಳುತ್ತಾ ಅಲ್ಲಿಗೆ ಹೋಗುತ್ತದೆ. ಗೀಸರ್ ಆರಿಸದೆ ಪೈಪಿಗೆ ಕೈ ಹಾಕಲೇಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕೆಂದರೆ ಬಾನೆಟ್ ಎತ್ತಿ ಹುಡುಕಬೇಕಿಲ್ಲ, ಅದು ಹಿಂದಿನ ಸೀಟಿನ ಕೆಳಗಿದೆ. ಎಂಜಿನ್ನಿನ ಮೈ ಮೆಗ್ನೀಸಿಯಂ ಮಿಶ್ರಲೋಹದ್ದು. ಹೊತ್ತಿಕೊಂಡರೆ ನೀರೆರಚಿ ಆರಿಸಲಾಗದು, ಜಾಮ್ ಆದ ನಟ್ಟಿಗೆ ಗ್ಯಾಸ್ ಕಟರ್ ಹಿಡಿಯುವ ಯೋಚನೆಯನ್ನೇ ಬಿಡಬೇಕು.

ಇಳಿಸುವ ಕ್ರಮ ಹೀಗೆ. ಏರ್ ಕ್ಲೀನರ್ ತೆಗೆದು, ಕಾರ್ಬ್ಯುರೇಟರಿನ ಆಕ್ಸಿಲರೇಟರ್ ಕೇಬಲ್ ಬಿಚ್ಚಿ ಮುಂದಕ್ಕೆ ಎಳೆದುಕೊಳ್ಳಬೇಕು. ಡೈನಮೊ, ಕಾಯಿಲ್, ಆಯಿಲ್ ಒತ್ತಡದ ಸ್ವಿಚ್ ಇವುಗಳ ತಂತಿಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿ ತುದಿಗೂ ಚೀಟಿ ಅಂಟಿಸಬೇಕು. ಹೀಟರಿನ ಎರಡು ಕೇಬಲ್, ಎರಡು ಗಾಳಿ ಕೊಳವೆ, ಹಿಂದಿನ ತಗಡು ಬಿಚ್ಚಿದ ಮೇಲೆ, ಬಂಪರಿನ ಅಡಿಯಿಂದ ಎಂಜಿನ್ ಜಾರಿ ಹೊರಬರುವಷ್ಟು ಎತ್ತರಕ್ಕೆ ಹಿಂಬದಿಯನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾರೂ ನುಸುಳಬಾರದು. ಕೆಳಗಿನ ಎರಡು ನಟ್ಟು ಮೊದಲು; ಆಮೇಲೆ ಎಂಜಿನ್ನಿನ ಹೊಟ್ಟೆಗೆ ಹಲಗೆಯಿಟ್ಟು ಟ್ರಾಲಿ ಜಾಕಿನಿಂದ ಭಾರ ಹೊತ್ತುಕೊಂಡು ಮೇಲಿನ ಎರಡು ಬೋಲ್ಟು. ಈಗ ಎಂಜಿನ್ ನೇರವಾಗಿ ಹಿಂದಕ್ಕೆ ಬರಬೇಕು, ಕೆಳಕ್ಕಲ್ಲ. ಗೇರ್‌ಬಾಕ್ಸಿನಿಂದ ಹೊರಚಾಚಿದ ಉದ್ದನೆಯ ಶಾಫ್ಟ್ ಕ್ಲಚ್ ಪ್ಲೇಟಿನೊಳಗಿಂದ ಪೂರ್ತಿ ಬಿಡಿಸಿಕೊಳ್ಳುವವರೆಗೂ ಎಂಜಿನ್ ಅದೇ ಮಟ್ಟದಲ್ಲಿ ತೇಲುತ್ತಿರಬೇಕು. ಅದಕ್ಕೇ ಇನ್ನೊಬ್ಬರು ಬೇಕು: ಒಬ್ಬರು ಜಾಕ್ ನೋಡಿಕೊಂಡರೆ ಇನ್ನೊಬ್ಬರು ಎಂಜಿನ್ ಅಲುಗಿಸುತ್ತಾ ಎಳೆಯುತ್ತಾರೆ. ಅವಸರಪಟ್ಟು ಜಾಕ್ ಇಳಿಸಿದರೆ 110 ಕಿಲೋ ಭಾರ ಆ ಶಾಫ್ಟಿನ ತುದಿಗೆ ಜೋತು ಬೀಳುತ್ತದೆ. ಮೋಟರು ನಾಳೆ ತಿರುಗಿಸಬೇಕಾದದ್ದು ಅದೇ ಶಾಫ್ಟನ್ನು.

ಎಂಜಿನ್ ನೆಲಕ್ಕೆ ಬಂದ ಕೂಡಲೇ ಕ್ಲಚ್ ಬಿಚ್ಚಿ ಬದಿಗಿಟ್ಟು, ಬೇರೇನನ್ನೂ ಮುಟ್ಟುವ ಮುನ್ನ ಈ ಇಡೀ ಕೆಲಸದ ಅತಿ ಮುಖ್ಯ ಅಳತೆ ತೆಗೆಯಬೇಕು. ಎಂಜಿನ್ ಗೇರ್‌ಬಾಕ್ಸಿಗೆ ಅಂಟಿಕೊಳ್ಳುತ್ತಿದ್ದ ಸಪಾಟು ಮುಖದಿಂದ, ಎಂಜಿನ್ ಶಾಫ್ಟಿನ ತುದಿಯ ಭಾರೀ ಚಕ್ರವಾದ ಫ್ಲೈವೀಲ್‌ನಲ್ಲಿ ಕ್ಲಚ್ ಪ್ಲೇಟ್ ಉಜ್ಜುವ ಮುಖದವರೆಗಿನ ದೂರ ಅದು. ಹೊಸ ಮೋಟರನ್ನು ಒಂದು ದಪ್ಪ ಅಲ್ಯೂಮಿನಿಯಂ ತಟ್ಟೆಯ ಮೂಲಕ ಗೇರ್‌ಬಾಕ್ಸಿಗೆ ಜೋಡಿಸುವಾಗ ಫ್ಲೈವೀಲ್ ಮತ್ತೆ ಅದೇ ಜಾಗದಲ್ಲಿ ಬಂದು ಕೂರಬೇಕು. ಹೆಚ್ಚು ಹಿಂದೆ ಸರಿದರೆ ಶಾಫ್ಟಿನ ಹಲ್ಲುಗಳು ಕ್ಲಚ್ ಪ್ಲೇಟಿನಲ್ಲಿ ಅರ್ಧ ಮಾತ್ರ ಕಚ್ಚುತ್ತವೆ. ಮುಂದೆ ಸರಿದರೆ ಕ್ಲಚ್ ಒತ್ತುವ ಬೇರಿಂಗ್ ಬಿಡುವಿಲ್ಲದೆ ಉಜ್ಜುತ್ತಿರುತ್ತದೆ. ಸಪಾಟು ಉಕ್ಕಿನ ಪಟ್ಟಿಯೊಂದನ್ನು ಅಡ್ಡಲಾಗಿಟ್ಟು, ವರ್ನಿಯರ್ ಕ್ಯಾಲಿಪರಿನ ಆಳದ ಕಡ್ಡಿಯಿಂದ, ಸುತ್ತಲೂ ಮೂರು ನಾಲ್ಕು ಕಡೆ ಅಳೆದು ಬರೆಯಿರಿ. ಅಳೆಯುವಾಗ ಫ್ಲೈವೀಲನ್ನು ಒಂದೇ ದಿಕ್ಕಿಗೆ ಗಟ್ಟಿಯಾಗಿ ಒತ್ತಿಹಿಡಿಯಬೇಕು. ಏಕೆಂದರೆ ಈ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿಗೆ ಹಿಂದೆ ಮುಂದೆ ಆಡಲು 0.07ರಿಂದ 0.13 ಮಿಲಿಮೀಟರ್ ಎಡೆಯನ್ನು ಕಾರ್ಖಾನೆಯೇ ಬಿಟ್ಟಿರುತ್ತದೆ. ಸವೆದ ಎಂಜಿನ್ನಿನಲ್ಲಿ ಇದು ಇನ್ನೂ ಹೆಚ್ಚು. ಫ್ಲೈವೀಲ್ ನಿಂತಿರುವುದು 36 ಮಿಲಿಮೀಟರಿನ ಒಂದೇ ಒಂದು ಭಾರೀ ನಟ್ಟಿನ ಬಲದ ಮೇಲೆ. ಆ ನಟ್ಟಿನ ಹೊಟ್ಟೆಯೊಳಗೇ ಗೇರ್‌ಬಾಕ್ಸ್ ಶಾಫ್ಟಿನ ತುದಿಗೆ ಆಸರೆ ಕೊಡುವ ಸೂಜಿ ಬೇರಿಂಗ್ ಕೂತಿದೆ. ಅಂದರೆ ಎಂಜಿನ್ ತೆಗೆದಾಗ ಶಾಫ್ಟಿನ ಆಸರೆಯೂ ಹೋಯಿತು. ಹೊಸ ಮೋಟರಿನ ಹಬ್‌ನಲ್ಲಿ ಅದೇ ಅಳತೆಯ ಬೇರಿಂಗ್ ಇಲ್ಲದಿದ್ದರೆ, ಇದ್ದೂ ಮಧ್ಯಬಿಂದು ಕೂದಲೆಳೆಯಷ್ಟು ವಾರೆಯಾದರೆ, ಗೇರ್‌ಬಾಕ್ಸ್ ಸದ್ದಿಲ್ಲದೆ ಸವೆಯಲು ಶುರುವಾಗುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಬೀಟಲ್‌ನಂಥ ಜನಪ್ರಿಯ ಕಾರಿಗೆ ಅಡಾಪ್ಟರ್ ತಟ್ಟೆಗಳು ಸಿದ್ಧವಾಗಿ ಸಿಗುತ್ತವೆ, ಕ್ಯಾಲಿಫೋರ್ನಿಯಾದ ಇವಿ ವೆಸ್ಟ್‌ನಂಥ ಅಂಗಡಿಗಳು ಮೋಟರಿನ ಸಮೇತ ಕಿಟ್ ಕಳಿಸುತ್ತವೆ, ಇನ್ನು ಅಳೆಯುವ ತಾಪತ್ರಯ ಏಕೆ ಎನ್ನುತ್ತಾರೆ. ಸಿದ್ಧ ತಟ್ಟೆ ಒಳ್ಳೆಯದೇ. ಲೇತ್ ಇಲ್ಲದವರು ಕೊಳ್ಳುವುದೇ ಸರಿ. ಆದರೆ ಆ ತಟ್ಟೆ ತಯಾರಾಗಿರುವುದು ಒಂದು ನಿರ್ದಿಷ್ಟ ಫ್ಲೈವೀಲ್ ಮತ್ತು ಕ್ಲಚ್ಚಿಗೆ. ಹಳೆಯ ಬೀಟಲ್‌ಗಳಲ್ಲಿ 180 ಮಿಲಿಮೀಟರಿನ ಕ್ಲಚ್ ಇತ್ತು, ಆಮೇಲಿನವುಗಳಲ್ಲಿ 200. ಐವತ್ತು ವರ್ಷಗಳಲ್ಲಿ ಹಲವು ಕೈ ದಾಟಿ ಬಂದ ಕಾರಿನಲ್ಲಿ ಯಾರು ಯಾವ ಎಂಜಿನ್ ಕೂರಿಸಿದ್ದಾರೆ, ಫ್ಲೈವೀಲನ್ನು ಎಷ್ಟು ಸಲ ಲೇತಿಗೆ ಹಾಕಿ ಉಜ್ಜಿಸಿದ್ದಾರೆ ಎಂಬುದು ನೋಂದಣಿ ಪುಸ್ತಕದಲ್ಲಿ ಇರುವುದಿಲ್ಲ. ಕಿಟ್ ಬಂದು ಕೈಸೇರಿದಾಗ ಅದರ ಅಳತೆಯನ್ನು ಹೋಲಿಸಿ ನೋಡಲು ನಿಮ್ಮ ಬಳಿ ನಿಮ್ಮದೇ ಕಾರಿನ ಅಳತೆ ಇರಬೇಕು. ಹೊಂದದಿದ್ದರೆ ಜೋಡಿಸುವ ಮುನ್ನವೇ ವಾಪಸ್ ಕಳಿಸಬಹುದು.

ಇನ್ನೂ ಗಟ್ಟಿಯಾದ ಆಕ್ಷೇಪ: ಹಳೆಯ ಗೇರ್‌ಬಾಕ್ಸನ್ನು ಉಳಿಸಿಕೊಳ್ಳುವುದೇ ದಡ್ಡತನ, ಲೀಫ್ ಅಥವಾ ಟೆಸ್ಲಾದ ಮೋಟರು, ಗೇರು, ಡಿಫರೆನ್ಷಿಯಲ್ ಒಂದಾಗಿರುವ ಘಟಕವನ್ನೇ ಹಾಕಿಬಿಟ್ಟರೆ ಈ ಫ್ಲೈವೀಲ್ ಪುರಾಣವೇ ಬೇಡ ಎಂಬುದು. ಇದರಲ್ಲಿ ತಿರುಳಿದೆ. ಬೀಟಲ್‌ನ 1600 ಸಿಸಿ ಎಂಜಿನ್ ಕೊಡುತ್ತಿದ್ದ ತಿರುಚು ಬಲ ನೂರು ನ್ಯೂಟನ್ ಮೀಟರಿಗಿಂತ ತುಸು ಹೆಚ್ಚು. ಇಂದಿನ ಮೋಟರುಗಳು ನಿಂತಲ್ಲಿಂದಲೇ ಇನ್ನೂರಕ್ಕೂ ಮೇಲೆ ಕೊಡುತ್ತವೆ. ಕಂಟ್ರೋಲರಿನಲ್ಲಿ ಮಿತಿ ಹಾಕದಿದ್ದರೆ ಮೊದಲು ಕ್ಲಚ್ ಜಾರುತ್ತದೆ, ಆಮೇಲೆ ಗೇರಿನ ಹಲ್ಲು ಹೋಗುತ್ತದೆ. ಫೋಕ್ಸ್‌ವ್ಯಾಗನ್ನಿನ ಆ ಪ್ರಾಯೋಗಿಕ ಕಾರಿನಲ್ಲೂ ಹಳೆಯ ಗೇರ್‌ಬಾಕ್ಸ್ ಬಿಟ್ಟು ಒಂದೇ ಗೇರಿನ ಹೊಸ ಘಟಕ ಬಳಸಿದ್ದರು. ಆದರೆ ಈ ದಾರಿಯಲ್ಲಿ ಅಳತೆ ಕಡಿಮೆಯಾಗುವುದಿಲ್ಲ, ಬೇರೆಡೆಗೆ ಹೋಗುತ್ತದೆ. ಚಕ್ರಗಳ ಮಧ್ಯರೇಖೆ ಚಾಸಿಯ ಯಾವ ಬಿಂದುವಿನಿಂದ ಎಷ್ಟು ದೂರ, ಆಕ್ಸಲ್ ಶಾಫ್ಟುಗಳು ಯಾವ ಕೋನದಲ್ಲಿ ಹೊರಡುತ್ತವೆ, ಗೇರ್‌ಬಾಕ್ಸ್ ತೂಗುವ ಬ್ರ್ಯಾಕೆಟ್ಟುಗಳ ನಡುವೆ ಎಷ್ಟು ಜಾಗ ಎಂಬುದೆಲ್ಲ ಹಳೆಯ ಗೇರ್‌ಬಾಕ್ಸ್ ಕಾರಿನಲ್ಲಿರುವಾಗಲೇ ದಾಖಲಾಗಬೇಕು. ವೆಲ್ಡಿಂಗ್ ಬರದ, ಚಾಸಿ ಕತ್ತರಿಸಲು ಹಿಂಜರಿಯುವ ಹವ್ಯಾಸಿಗೆ ಗೇರ್‌ಬಾಕ್ಸ್ ಉಳಿಸಿಕೊಳ್ಳುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ತೀರ್ಮಾನ ಯಾವುದೇ ಇರಲಿ, ಅದು ಎಂಜಿನ್ ಇಳಿಯುವ ಮುನ್ನ ಆಗಿರಬೇಕು.

ಎಂಜಿನ್ ಸದ್ದಿಲ್ಲದೆ ಮಾಡುತ್ತಿದ್ದ ಉಪಕಾರಗಳು ಅದು ಹೋದ ಮೇಲೇ ಗೊತ್ತಾಗುತ್ತವೆ. ಬೀಟಲ್‌ನಲ್ಲಿ ಚಳಿಗಾಲದ ಬಿಸಿಗಾಳಿ ಬರುತ್ತಿದ್ದುದು ಸೈಲೆನ್ಸರಿನ ಕೊಳವೆಗಳ ಬಿಸಿಯಿಂದ, ಬಾಗಿಲ ಕೆಳಗಿನ ಟೊಳ್ಳು ಪಟ್ಟಿಗಳ ಮೂಲಕ. ಎಂಜಿನ್ ತೆಗೆದರೆ ಗಾಜಿನ ಮಂಜು ಕರಗಿಸಲೂ ಗತಿಯಿಲ್ಲ, ಸೆರಾಮಿಕ್ ಹೀಟರ್ ಬೇಕು. ಹಿಂದೆ ಬಾಯ್ತೆರೆದು ನಿಂತ ಆ ಕೊಳವೆಗಳನ್ನು ಮುಚ್ಚದಿದ್ದರೆ ರಸ್ತೆಯ ನೀರೂ ದೂಳೂ ಕಾರಿನೊಳಗೆ. ಡೈನಮೊ ಹೋದದ್ದರಿಂದ ದೀಪ, ಹಾರನ್ನುಗಳ 12 ವೋಲ್ಟ್ ಬ್ಯಾಟರಿಗೆ ದೊಡ್ಡ ಬ್ಯಾಟರಿಯಿಂದಲೇ ಚಾರ್ಜ್ ಕೊಡುವ ಕನ್ವರ್ಟರ್ ಹಾಕಬೇಕು. ಸ್ಪೀಡೊಮೀಟರಿಗೆ ಏನೂ ಆಗುವುದಿಲ್ಲ, ಅದರ ಕೇಬಲ್ ಎಡಗಡೆಯ ಮುಂದಿನ ಚಕ್ರದಿಂದ ಬರುತ್ತದೆ. ಮುಂದೆ ಎಂಜಿನ್ ಇರುವ ಈಚಿನ ಕಾರುಗಳಲ್ಲಿ ಈ ಪಟ್ಟಿ ಉದ್ದವಾಗುತ್ತದೆ: ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಪಂಪು, ಸ್ಟೀರಿಂಗಿಗೆ ವಿದ್ಯುತ್ ಪಂಪು, ಎಸಿ ಕಂಪ್ರೆಸರಿಗೆ ಬೇರೆ ಚಾಲನೆ. ಎಸಿಯ ಗ್ಯಾಸನ್ನು ಗಾಳಿಗೆ ಬಿಡುವುದು ಅಮೆರಿಕದಲ್ಲಿ ಕಾನೂನುಬಾಹಿರ, ಪರವಾನಗಿ ಇರುವ ಮೆಕ್ಯಾನಿಕ್ಕಿನಿಂದ ಹೀರಿಸಿಕೊಂಡ ಮೇಲೆಯೇ ಪೈಪು ಬಿಚ್ಚಬೇಕು. ಎಬಿಎಸ್ ಮತ್ತು ಡ್ಯಾಶ್‌ಬೋರ್ಡ್ ಎಂಜಿನ್ ಕಂಪ್ಯೂಟರಿನೊಡನೆ ಮಾತಾಡಿಕೊಂಡಿರುವ ಕಾರುಗಳಲ್ಲಂತೂ ವೈರಿಂಗ್ ಕತ್ತರಿಸುವವರು ಒಂದು ಕಾರನ್ನೇ ಕತ್ತರಿಸಿದಂತೆ. ಬಿಚ್ಚಬೇಕು, ಚೀಟಿ ಅಂಟಿಸಬೇಕು, ಸುರುಳಿ ಸುತ್ತಿ ಇಡಬೇಕು.

ಕಾನೂನಿನ ವಿಷಯವನ್ನೂ ಸ್ಪ್ಯಾನರಿಗೆ ಮೊದಲೇ ನೋಡಿಕೊಳ್ಳಿ. ಅಮೆರಿಕದಲ್ಲಿ ಇದು ರಾಜ್ಯ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಪೂರ್ಣ ವಿದ್ಯುತ್ ವಾಹನವೆನಿಸಿಕೊಳ್ಳಲು ಎಂಜಿನ್ನಷ್ಟೇ ಅಲ್ಲ, ಪೆಟ್ರೋಲ್ ಟ್ಯಾಂಕು, ಸೈಲೆನ್ಸರ್ ಸಮೇತ ದಹನಕ್ಕೆ ಸೇರಿದ್ದೆಲ್ಲ ಹೊರಬಂದಿರಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರು ಇದನ್ನು ಓದಿ ಕೆಲಸಕ್ಕಿಳಿದರೆ ತೆಗೆದ ಪ್ರತಿ ಭಾಗದ ಫೋಟೊ ಇಟ್ಟುಕೊಳ್ಳುವುದು ಒಳ್ಳೆಯದು. ಕರ್ನಾಟಕದ ಓದುಗರಿಗೆ ಮಾತ್ರ ಸ್ಪಷ್ಟವಾಗಿ ಹೇಳಬೇಕು: ಮನೆಯಲ್ಲೇ ಎಂಜಿನ್ ಇಳಿಸಿ ತಾವೇ ಮೋಟರು ಕೂರಿಸಿದ ಕಾರನ್ನು ಇಲ್ಲಿ ರಸ್ತೆಗಿಳಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಕಟ್ಟು ಹಾಕಿದೆ. ವಿದ್ಯುತ್ ಕಿಟ್ ಎಐಎಸ್-123 ಮಾನದಂಡದಂತೆ ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಿಂದ ಮಂಜೂರಾಗಿರಬೇಕು, ಅಧಿಕೃತರೇ ಅದನ್ನು ಅಳವಡಿಸಬೇಕು, ಆರ್‌ಟಿಒ ಆರ್‌ಸಿಯಲ್ಲಿ ಇಂಧನದ ಬದಲಾವಣೆಯನ್ನು ನಮೂದಿಸಬೇಕು. ಅಂಥ ಕಿಟ್ ಹಾಕಿಸುವವರು ಸಹ ಕಾರು ಒಪ್ಪಿಸುವ ಮುನ್ನ ಮುಂದಿನ ಹಿಂದಿನ ಚಕ್ರಗಳ ತೂಕ, ಗೇರ್‌ಬಾಕ್ಸಿನ ಸ್ಥಿತಿ ಬರೆದಿಟ್ಟುಕೊಂಡರೆ ವರ್ಕ್‌ಶಾಪಿನವರ ಮುಂದೆ ಮಾತಾಡಲು ಆಧಾರವಿರುತ್ತದೆ.

ಕೊನೆಗೆ, ಇಳಿಸಿದ ಎಂಜಿನ್ನನ್ನು ಯಾವಾಗ ಮಾರಬೇಕು? ಗ್ಯಾರೇಜಿನಲ್ಲಿ ಜಾಗ ತಿನ್ನುತ್ತದೆ ಎಂದು ಅದೇ ವಾರ ಮಾರುವವರಿದ್ದಾರೆ, ಹಣ ಬಂದರೆ ಬ್ಯಾಟರಿಗಾಯಿತು ಎಂಬ ಲೆಕ್ಕ. ತಾಳಿ. ಮೋಟರು ಗೇರ್‌ಬಾಕ್ಸಿಗೆ ಕೂತು, ಕಾರು ಭಾರ ಹೊತ್ತು ರಸ್ತೆಯ ಏರು ಹತ್ತಿ, ಕ್ಲಚ್ ಸರಿಯಾಗಿ ಬಿಡುತ್ತದೆಂದು ಖಾತರಿಯಾಗುವ ತನಕ ಆ ಎಂಜಿನ್ನೇ ನಿಮ್ಮ ಮೂಲಪ್ರತಿ. ಎಂಜಿನ್ನಿನದೇ ಆದ ಯಾವ ಅಳತೆ ಬರೆಯಲು ಮರೆತಿದ್ದರೂ ಅದರ ಬಳಿಗೆ ಹೋಗಿ ಮತ್ತೆ ತೆಗೆಯಬಹುದು. ಆಯಿಲ್ ಇಳಿಸಿ, ಸ್ಪಾರ್ಕ್ ಪ್ಲಗ್ಗಿನ ತೂತುಗಳಲ್ಲಿ ನಾಲ್ಕು ಹನಿ ಎಣ್ಣೆ ಬಿಟ್ಟು, ಕಾರ್ಬ್ಯುರೇಟರಿನ ಬಾಯಿಗೆ ಬಟ್ಟೆ ಕಟ್ಟಿ, ತೇವವಿಲ್ಲದ ಮೂಲೆಯಲ್ಲಿ ಹಲಗೆಯ ಮೇಲೆ ಇಟ್ಟಿರಿ. ಫ್ಲೈವೀಲ್ ಹೊಸ ಮೋಟರಿಗೆ ಹೋಗಿದ್ದರೆ, ಕೊಳ್ಳುವವರಿಗೆ ಅದನ್ನು ಮೊದಲೇ ತಿಳಿಸಿ ಬೆಲೆ ಕುದುರಿಸಿಕೊಳ್ಳಿ.